ಹಳೆಯ ಪಿಕಪ್ಪಿಗೆ ಮರಳುಗಾಡಿನ ಖರ್ಚು

ದುಬೈ, ಅಬುಧಾಬಿಯಲ್ಲಿ ಓಡುವ ಹಳೆಯ ಪಿಕಪ್‌ಗಳು, ಹೈಲಕ್ಸ್ ಇರಲಿ ಎಲ್‌200 ಇರಲಿ, ಬಹುಪಾಲು ಬಿಸಿಲಿಗೇ ಸೊರಗುತ್ತವೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಈ ಊರುಗಳಲ್ಲಿ ಬ್ಯಾಟರಿ ಎರಡು ವರ್ಷ ಬಾಳಿದರೆ ದೊಡ್ಡದು. ರಬ್ಬರ್ ಹೋಸ್, ಬುಷ್, ಬೆಲ್ಟ್‌ಗಳು ಒಣಗಿ ಬಿರುಕು ಬಿಡುತ್ತವೆ. ಇವೆಲ್ಲ ಕೆಲವು ನೂರು ದಿರ್ಹಮ್‌ಗಳಲ್ಲಿ ಮುಗಿಯುವ ಕೆಲಸ.

ಜೇಬಿಗೆ ಕತ್ತರಿ ಬೀಳುವುದು ರೇಡಿಯೇಟರ್ ಸೋರಿಕೆಯನ್ನು ಕಡೆಗಣಿಸಿದಾಗ. ಕೂಲೆಂಟ್ ಬದಲು ಬರೀ ನಲ್ಲಿ ನೀರು ಸುರಿದು ಓಡಿಸಿದರೆ ಒಳಗೆ ತುಕ್ಕು ಕಟ್ಟಿ, ಎಂಜಿನ್ ಕಾದು, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ಲೆಕ್ಕ. ಹೆಡ್ ಬಿಚ್ಚಲೇಬೇಕು, ಬಿಲ್ ಸಾವಿರಗಳಿಗೆ ಏರುತ್ತದೆ. ಎ.ಸಿ. ಕಂಪ್ರೆಸರ್ ಕೆಟ್ಟರೂ ಖರ್ಚು ದೊಡ್ಡದೇ. ಜುಲೈ ತಿಂಗಳಲ್ಲಿ ಅದನ್ನು ಶೋಕಿ ಎನ್ನುವವರಿಲ್ಲ.

ಮರಳು ದೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳೆಯ ಬಿಡಿಭಾಗಗಳಿಗೆ ಶಾರ್ಜಾ ಮಾರುಕಟ್ಟೆ, ರಿಪೇರಿಗೆ ದುಬೈನ ಅಲ್ ಕೂಜ್ ಮತ್ತು ಅಬುಧಾಬಿಯ ಮುಸಫ್ಫಾದ ಗ್ಯಾರೇಜುಗಳು ಹೆಸರುವಾಸಿ. ನೋಂದಣಿ ನವೀಕರಣದ ವಾರ್ಷಿಕ ತಪಾಸಣೆಯಲ್ಲಿ ಆಯಿಲ್ ಸೋರಿಕೆ, ಸವೆದ ಬ್ರೇಕ್, ಐದು ವರ್ಷ ದಾಟಿದ ಟೈರ್ ಸಿಕ್ಕಿಬೀಳುತ್ತವೆ. 2018ರಿಂದ ರಿಪೇರಿ ಬಿಲ್‌ಗೆ 5% ವ್ಯಾಟ್ ಬೇರೆ.