ಲಕೋಟೆಯ ಮೂಲೆಗೆ ಕತ್ತರಿ

ಸ್ಟಾಂಪು ಕೂಡಿಡುವವರು ಎಲ್ಲಿ ಸಿಕ್ಕರೂ ನನಗೆ ಮಾತಿಗೆ ಕೂರಬೇಕೆನಿಸುತ್ತದೆ. ಆದರೆ ಸ್ಟಾಂಪಿಗಾಗಿ ಲಕೋಟೆಯ ಮೂಲೆ ಕತ್ತರಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಹೈಸ್ಕೂಲಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳೆಯ ಈಚೆಗೆ ತೀರಿಕೊಂಡ. ಅವನ ಮನೆಯವರು ಆಲ್ಬಮ್ಮುಗಳನ್ನು ನನಗೆ ಕೊಟ್ಟರು. ನಾನು ಅವನ್ನು ಅವನು ನನಗೆ ಬರೆದ ಕಾಗದಗಳ ಕಟ್ಟಿನ ಜೊತೆಗೇ ಇಟ್ಟಿದ್ದೆ. ನೋಡಲು ಬಂದ ಹವ್ಯಾಸಿಯೊಬ್ಬರು ಕಟ್ಟು ಬಿಚ್ಚಿ, "ಇವೆಲ್ಲ ಮಾಮೂಲಿ ಸ್ಟಾಂಪು ಸಾರ್. ಬೇಕಾದ್ರೆ ನೆನೆಹಾಕಿ ಬಿಡಿಸ್ಕೊಳ್ಳಿ, ಕವರು ಬಿಸಾಕಿ, ಜಾಗ ಉಳಿಯುತ್ತೆ" ಅಂದರು.

ನೆನೆಹಾಕುವ ಕೆಲಸದಲ್ಲಿ ನಮ್ಮ ಕ್ಲಾಸಿಗೇ ಅವನು ಗುರು. ಉಗುರುಬೆಚ್ಚಗಿನ ನೀರು, ಅಗಲದ ತಟ್ಟೆ. ಬಣ್ಣದ ಲಕೋಟೆಯ ತುಂಡಿದ್ದರೆ ಅದಕ್ಕೆ ಬೇರೆ ತಟ್ಟೆ, ಇಲ್ಲದಿದ್ದರೆ ಕೆಂಪು ಬಿಟ್ಟುಕೊಂಡು ಉಳಿದವೂ ಹಾಳು. ಸ್ಟಾಂಪನ್ನು ಎಳೆಯುವಂತಿಲ್ಲ, ಅದು ತಾನಾಗಿ ಜಾರುವವರೆಗೆ ಕಾಯಬೇಕು. ಆಮೇಲೆ ಒತ್ತುಕಾಗದದ ಮೇಲೆ ಬೋರಲು ಹಾಕಿ ಒಣಗಿಸಿ, ಅಟ್ಲಾಸಿನ ನಡುವೆ ಒಂದು ರಾತ್ರಿ. ಎರಡು ಪೈಸೆಯ ಬೀದರಿ ಹೂಜಿಗೂ ಅವನು ಇಷ್ಟೇ ಉಪಚಾರ ಮಾಡುತ್ತಿದ್ದ. ಹಲ್ಲು ಮುರಿದ ಸ್ಟಾಂಪು ಅವನ ಆಲ್ಬಮ್ಮಿನಲ್ಲಿ ಇವತ್ತಿಗೂ ಒಂದಿಲ್ಲ.

ಅಂಥವನು ಒಂದು ಲಕೋಟೆಯನ್ನು ಮಾತ್ರ ನೀರಿಗೆ ಹಾಕಲಿಲ್ಲ. 1971ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಅವನ ಅಣ್ಣ ಬರೆದದ್ದು. ಆಗ ಲಕೋಟೆಗೆ ಇಪ್ಪತ್ತು ಪೈಸೆ. ಅದರ ಮೇಲೆ ಬಾಂಗ್ಲಾ ನಿರಾಶ್ರಿತರಿಗಾಗಿ ಐದು ಪೈಸೆ ಹೆಚ್ಚುವರಿ. ಆ ವರ್ಷದ ನವೆಂಬರಿನಿಂದ 1973ರ ಮಾರ್ಚಿನವರೆಗೆ ಈ ತೆರಿಗೆ ಇತ್ತು. ಹೊಸ ಸ್ಟಾಂಪು ಅಚ್ಚಾಗುವವರೆಗೆ ಕಾಯಲು ಪುರುಸೊತ್ತಿಲ್ಲದೆ, ಕುಟುಂಬ ಯೋಜನೆಯ ಐದು ಪೈಸೆ ಸ್ಟಾಂಪಿನ ಮೇಲೆಯೇ 'ರೆಫ್ಯೂಜಿ ರಿಲೀಫ್' ಎಂದು ಒತ್ತಿಸಿದರು. ಕೆಲವು ಊರುಗಳಲ್ಲಿ ಅಲ್ಲಲ್ಲೇ ಒತ್ತಿದ್ದರಿಂದ ಬೆಂಗಳೂರಿನ ಅಕ್ಷರ ಒಂದು ಥರ, ದಿಲ್ಲಿಯದು ಇನ್ನೊಂದು ಥರ. ಇಪ್ಪತ್ತು ಪೈಸೆಯದರಲ್ಲಿ ನ್ಯಾಟ್ ವಿಮಾನ. ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಗಿ ಆ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆ ನಡೆದ ಯುದ್ಧದಲ್ಲಿ ಹಾರಿದ್ದು. "ಬಿಡಿಸಿದ್ರೆ ಒಂದು ವಿಮಾನ, ಒಂದು ಸಂಸಾರ ಅಷ್ಟೇ ಕಣೋ. ಒಟ್ಟಿಗಿದ್ರೆ ಯುದ್ಧ" ಅಂದ. ಹತ್ತನೇ ಕ್ಲಾಸಿನ ಹುಡುಗ ಆಡಿದ ಈ ಮಾತಿಗಿಂತ ಸರಿಯಾದದ್ದನ್ನು ಆಮೇಲೆ ಯಾವ ಪ್ರದರ್ಶನದಲ್ಲೂ, ಯಾವ ಪರಿಣತರ ಬಾಯಲ್ಲೂ ನಾನು ಕೇಳಿಲ್ಲ.

ಮುಂದೆ ಅವನಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ವರ್ಗಾವಣೆಗಳ ಬದುಕು. ಶಿರಸಿ, ಬೀದರ್, ಕೊಳ್ಳೇಗಾಲ, ಹೀಗೆ ಹೋದಲ್ಲಿಂದೆಲ್ಲ ಬರೆದ. ಅವನದೊಂದು ಉಪಾಯವಿತ್ತು. ಎಲ್ಲರ ಹಾಗೆ ಸ್ಟಾಂಪನ್ನು ಮೂಲೆಗೆ ಒತ್ತರಿಸಿ ಅಂಟಿಸುತ್ತಿರಲಿಲ್ಲ. ಅಂಚಿನಿಂದ ಒಂದು ಬೆರಳಷ್ಟು ಒಳಗೆ, ನೆಟ್ಟಗೆ. ಆಗ ಸೀಲಿನ ವೃತ್ತ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಬಿಳಿ ಕಾಗದದ ಮೇಲೆ ಬೀಳುತ್ತದೆ. ಊರು, ತಾರೀಖು ಎರಡನ್ನೂ ಓದಬಹುದು, ಚಿತ್ರವೂ ಮಸಿಯಲ್ಲಿ ಮುಳುಗುವುದಿಲ್ಲ. ಕಾಗದವನ್ನು ಡಬ್ಬಿಗೆ ಹಾಕದೆ ಕೌಂಟರಿಗೆ ಒಯ್ದು, "ಒಂಚೂರು ನೋಡ್ಕೊಂಡು ಹೊಡೀರಿ ಸಾರ್" ಎಂದು ಕೇಳಿಕೊಂಡು, ಹೊಡೆಯುವವರೆಗೆ ಅಲ್ಲೇ ನಿಲ್ಲುತ್ತಿದ್ದ. ಈ ಕ್ರಮವನ್ನು ನಾನೂ ಹಿಡಿದೆ, ಇವತ್ತಿಗೂ ಬಿಟ್ಟಿಲ್ಲ. ಒಳ್ಳೆಯ ಸೀಲು ಬಿದ್ದ ಲಕೋಟೆ ಕೈಗೆ ಬಂದ ದಿನ ನನಗೆ ಬೇರೆ ಸುಖ ಬೇಡ.

'ಮಿಂಟ್' ಅಲ್ಲದ್ದನ್ನು ಮುಟ್ಟುವುದಿಲ್ಲ ಎನ್ನುವ ಸಂಗ್ರಾಹಕರಿದ್ದಾರೆ. ಹಾಳೆಗಟ್ಟಲೆ ಕೊಂಡು ಪ್ಲಾಸ್ಟಿಕ್ಕಿನಲ್ಲಿಟ್ಟು ಬೆಲೆ ಏರಲಿ ಎಂದು ಕಾಯುತ್ತಾರೆ. ಎಲ್ಲಿಗೂ ಹೋಗದ, ಯಾರ ಕಾಗದವನ್ನೂ ಹೊರದ ಸ್ಟಾಂಪಿನಲ್ಲಿ ಇವರಿಗೆ ಏನು ಕಾಣುತ್ತದೋ! ಅದನ್ನಾದರೂ ಸಹಿಸಬಹುದು. ಇನ್ನು ಕೆಲವರು ಹಳೆಯ ಮನೆಗಳಿಂದ ಕಾಗದದ ಕಟ್ಟು ಕೊಂಡು, ಮೂಲೆಗಳನ್ನು ಕತ್ತರಿಸಿ, ಉಳಿದದ್ದನ್ನು ರದ್ದಿಗೆ ಹಾಕುತ್ತಾರೆ. ಬರೆದವರು ಯಾರು, ಯಾವ ಊರಿಂದ ಯಾವ ಊರಿಗೆ, ದಾರಿಯಲ್ಲಿ ಎಷ್ಟು ದಿನ ಎಂಬುದೆಲ್ಲ ರದ್ದಿಗೆ. ಇದು ಹವ್ಯಾಸವಲ್ಲ, ಲೂಟಿ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ನನ್ನ ಗೆಳೆಯ ಕಾಗದದ ತಲೆಯ ಮೇಲೆ ತಾರೀಖು ಹಾಕುತ್ತಿರಲಿಲ್ಲ. ಕೇಳಿದರೆ, "ಸೀಲು ಇದೆಯಲ್ಲೋ" ಎನ್ನುತ್ತಿದ್ದ. ಮಗಳು ಹುಟ್ಟಿದ ಸುದ್ದಿ, ತಂದೆ ಹೋದ ಸುದ್ದಿ, ಬೀದರಿನ ಬಿಸಿಲು, ಕೊನೆಗೆ ಆಸ್ಪತ್ರೆಯಿಂದ ಬರೆಸಿದ ನಾಲ್ಕು ಸಾಲು, ಎಲ್ಲದರ ದಿನವೂ ಆ ವೃತ್ತದೊಳಗೇ ಇದೆ. ಬಂದ ಹವ್ಯಾಸಿ ಬಿಸಾಕಿ ಅಂದದ್ದು ಇದನ್ನು. ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಕಟ್ಟನ್ನು ಮತ್ತೆ ತೋರಿಸಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಹೋದವರ ಕಾಗದಗಳಿದ್ದರೆ ಲಕೋಟೆಯ ಸಮೇತ ಇಟ್ಟುಕೊಳ್ಳಿ. ತೇವ, ಬಿಸಿಲು ತಾಗದ ಕಡೆ, ನಡುವೆ ಬಿಳಿ ಕಾಗದ ಹಾಕಿ ಇಟ್ಟರೆ ಸಾಕು. ಹರಿದಿದ್ದರೆ ಹರಿದ ಹಾಗೇ ಇರಲಿ. ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಕಾಗದಕ್ಕೆ ಇಳಿದರೆ ಮತ್ತೆ ತೆಗೆಯಲಾಗದು. ಯಾರಾದರೂ ಕತ್ತರಿ ಕೇಳಿದರೆ ಕೊಡಬೇಡಿ.