ಮಾಮೂಲು

ಉರ್ದು ಶಾಲೆಯಲ್ಲಿ ನಮ್ಮ ಉಸ್ತಾದರು ‘ಮಾಮೂಲ್’ ಎಂಬ ಪದಕ್ಕೆ ದಿನನಿತ್ಯದ ರೂಢಿ ಎಂದು ಅರ್ಥ ಹೇಳಿದ್ದರು. ಬೆಳಗ್ಗೆ ಏಳುವುದು, ಮುಖ ತೊಳೆಯುವುದು, ತಖ್ತಿ ಹಿಡಿದು ಶಾಲೆಗೆ ಬರುವುದು, ಇವೆಲ್ಲ ಮಾಮೂಲ್. ಅದೇ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇದೆ. ಅದನ್ನು ನಾವು ಕಲಿತದ್ದು ಶಾಲೆಯಲ್ಲಲ್ಲ, ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ನಮ್ಮ ಮಾಮೂನ ಲಾರಿಯಲ್ಲಿ ಕೂತು.

ಮಾಮೂ ನಮ್ಮ ಅಮ್ಮಿಯ ಕಿರಿಯ ತಮ್ಮ. ವ್ಯಾಪಾರಿಯೊಬ್ಬರ ಗಾಡಿ ಓಡಿಸುತ್ತಿದ್ದರು. ಹೋಗುವಾಗ ಉಳ್ಳಾಗಡ್ಡಿ, ಬರುವಾಗ ಹಂಚು ಇಲ್ಲವೆ ಉಪ್ಪು. ಸೂಟಿ ಬಿಟ್ಟರೆ ನಾವು ಅಣ್ಣತಮ್ಮಂದಿರಿಬ್ಬರೂ ಹಟ ಹಿಡಿದು ಲಾರಿ ಹತ್ತುತ್ತಿದ್ದೆವು. ಅದು 1990ರ ಸುಮಾರು. ಒಂದು ರಾತ್ರಿ ದಾರಿಯಲ್ಲಿ ಬ್ಯಾಟರಿ ಬೆಳಕು ಅಲ್ಲಾಡಿತು. ಮಾಮೂ ಗಾಡಿ ನಿಲ್ಲಿಸಿ, ಜೇಬಿನಿಂದ ಒಂದು ನೋಟು ತೆಗೆದು ಸಣ್ಣಗೆ ಮಡಚಿ, ಎಡಗಡೆಯ ಬಾಗಿಲ ಬಳಿ ಕೂತಿದ್ದ ನಮ್ಮ ಕೈಗೆ ಕೊಟ್ಟರು.

“ಏನ್ ಲೋಡೈತಿ?” ಎಂದರು ಪೊಲೀಸರು.

“ಉಳ್ಳಾಗಡ್ಡಿರೀ ಸಾಹೇಬ್ರ.”

“ಎಷ್ಟ್ ಹಾಕೀದಿ?”

ಮಾಮೂ ಉತ್ತರ ಕೊಡಲಿಲ್ಲ, ನಕ್ಕರು. ನಾವು ಕೈ ಚಾಚಿದೆವು. ನೋಟು ಮಾಯವಾಯಿತು. ಪೊಲೀಸರು ನಮ್ಮ ಗಲ್ಲ ಹಿಂಡಿ, “ಸಾಲಿ ಕಲೀಲೇ, ಡ್ರೈವರ್ ಆಗಬ್ಯಾಡ” ಎಂದರು. ಒಳ್ಳೆಯ ಮನುಷ್ಯ ಎನಿಸಿತು. ದೊಡ್ಡವರ ಕೆಲಸವೊಂದನ್ನು ಮಾಡಿದ ಹೆಮ್ಮೆಯಲ್ಲಿ ಆ ರಾತ್ರಿ ನಾವು ನಿದ್ದೆ ಹೋದೆವು.

ಆದರೆ ಆ ಪ್ರಶ್ನೆ, ‘ಎಷ್ಟು ಹಾಕೀದಿ’ ಎಂಬುದು, ಉತ್ತರವಿಲ್ಲದೆಯೇ ಉಳಿಯಿತು. ಗಾಡಿಯ ಪಾಸಿಂಗ್ ಒಂಬತ್ತೋ ಹತ್ತೋ ಟನ್. ಮೇಲಿದ್ದದ್ದು ಹದಿಮೂರು. ಪಾಟಾಗಳು ಬಾಗಿ ಗಾಡಿ ಟೈರಿನ ಮೇಲೆಯೇ ಕೂತಂತಿತ್ತು. ಅರಬೈಲ್ ಘಟ್ಟ ಇಳಿಯುವಾಗ ಮಾಮೂ ಮಾತು ನಿಲ್ಲಿಸಿಬಿಡುತ್ತಿದ್ದರು. ಕೆಳಗಿನ ಗೇರಿನಲ್ಲಿ ಎಂಜಿನ್ನು ಗುರುಗುಟ್ಟುತ್ತ ಗಾಡಿಯನ್ನು ತಡೆದು ಹಿಡಿಯಬೇಕು. ಪದೇಪದೇ ಬ್ರೇಕ್ ತುಳಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಹೆಚ್ಚುವರಿ ಮೂರು ಟನ್ ಹಿಂದಿನಿಂದ ನೂಕುತ್ತಿರುವಾಗ ತುಳಿಯದೆ ಗತಿಯಿಲ್ಲ. ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಕ್ಲೀನರ್ ಹುಡುಗ ಚಕ್ರಕ್ಕೆ ಕೊಡುವ ಕಲ್ಲು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದ. ನೋಟು ಕೊಟ್ಟು ದಾಟಿ ಬಂದ ಭಾರ ನೋಟಿನಿಂದ ಒಂದು ಸೇರೂ ಕಡಿಮೆಯಾಗಿರಲಿಲ್ಲ.

ಮುಂದೆ ಕಾನೂನು ಓದಿದಾಗ ನಮಗೆ ಆಶ್ಚರ್ಯವಾಯಿತು. 1988ರ ಮೋಟಾರು ವಾಹನ ಕಾಯ್ದೆಯ 114ನೆಯ ಕಲಮಿನ ಪ್ರಕಾರ ಸಂಶಯ ಬಂದ ಲಾರಿಯನ್ನು ಅಧಿಕಾರವುಳ್ಳವರು ಹತ್ತಿರದ ವೇ ಬ್ರಿಡ್ಜಿಗೆ ಒಯ್ಯಿಸಿ ತೂಗಿಸಬಹುದು. ಭಾರ ಹೆಚ್ಚಿದ್ದರೆ ಬರೆದು ಆಜ್ಞೆ ಕೊಟ್ಟು ಇಳಿಸಲು ಹೇಳಬಹುದು. ಇಳಿಸುವ ತನಕ ಗಾಡಿ ಆ ಜಾಗದಿಂದ ಕದಲುವಂತಿಲ್ಲ. ಕಾನೂನು ದಂಡದ ಮಾತನ್ನು ಬೇರೆ ಕಲಮಿನಲ್ಲಿ ಆಡುತ್ತದೆ. ಅಂದರೆ ದಂಡ ತಪ್ಪಿಗೆ ಶಿಕ್ಷೆಯೇ ಹೊರತು ಮುಂದೆ ಹೋಗಲು ಪರವಾನಗಿಯಲ್ಲ. ಕೆಲವು ರಾಜ್ಯಗಳು ಮುಂಗಡ ಹಣ ಕಟ್ಟಿಸಿಕೊಂಡು, ಹೆಚ್ಚು ಭಾರ ಹೇರಿದ ಲಾರಿಗಳಿಗೆ ಕಾರ್ಡು, ಟೋಕನ್ನು ಕೊಡುತ್ತಿದ್ದ ಕಾಲವೊಂದಿತ್ತು. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಈ ಪದ್ಧತಿ ಸಲ್ಲದೆಂದಿತು. ದಂಡ ಕಟ್ಟಿದ ಮಾತ್ರಕ್ಕೆ ಅದೇ ಭಾರ ಹೊತ್ತು ಮುಂದೆ ಹೋಗುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಸರಕಾರಗಳೇ ಮಾಮೂಲನ್ನು ರಸೀದಿ ಪುಸ್ತಕಕ್ಕೆ ಏರಿಸಿದ್ದವು ಎಂದರೆ ತಪ್ಪಾಗಲಾರದು.

ಆ ತೀರ್ಪು ಬಂದ ವರ್ಷಗಳಲ್ಲೇ ನಮ್ಮ ಇದೇ ರಸ್ತೆಯಲ್ಲಿ ಅದಿರಿನ ಲಾರಿಗಳ ಸಾಲು ಶುರುವಾಯಿತು. ಸಂಡೂರು, ಹೊಸಪೇಟೆಯ ಕೆಂಪು ಮಣ್ಣು ಹೇರಿಕೊಂಡು ಹಗಲು ರಾತ್ರಿ ಬೇಲೆಕೇರಿ ಬಂದರಿಗೆ ಓಡುತ್ತಿದ್ದವು. ರಸ್ತೆಬದಿಯ ಗಿಡಗಳೂ ಕೆಂಪು, ಚಹಾ ಅಂಗಡಿಯ ಬೆಂಚೂ ಕೆಂಪು. ಗಾಡಿಯ ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಎರಡಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ ಎನ್ನುತ್ತಾರೆ ಎಂಜಿನಿಯರುಗಳು. ನಮ್ಮ ಕಡೆಯವರಿಗೆ ಆ ಲೆಕ್ಕ ಬೇಕಿರಲಿಲ್ಲ. ರಸ್ತೆಯ ಗುಂಡಿಗಳೇ ಲೆಕ್ಕ ಹೇಳುತ್ತಿದ್ದವು. ಮಿತಿಮೀರಿದ ಭಾರದ ಸಾಗಣೆಯ ಸಂಗತಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳಲ್ಲೂ ದಾಖಲಾಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಲಾರಿಗಳ ಸಾಲೂ ನಿಂತಿತು. ನಿಲ್ಲಿಸಿದ್ದು ದೂರದ ದಿಲ್ಲಿಯ ಕೋರ್ಟು. ಅಷ್ಟು ವರ್ಷ ಆ ರಸ್ತೆಯ ಮೇಲೆ ಬ್ಯಾಟರಿ ಹಿಡಿದು ನಿಂತವರಿಗೆ ಆ ಭಾರ ಕಂಡಿರಲಿಲ್ಲವೇ?

ಹಾಗೆಂದು ಪೊಲೀಸರನ್ನಷ್ಟೇ ಬೈದು ಲೇಖನ ಮುಗಿಸುವುದು ಸುಲಭ. ನಮ್ಮ ಓಣಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಈ ಮಾತು ತೆಗೆದಾಗ ಅವರು ಚಹಾದ ಬಸಿ ಕೆಳಗಿಟ್ಟು ಕೇಳಿದರು: “ನಾವು ಇಬ್ಬರು ಮಂದಿ ರಾತ್ರಿ ನಿಂತಿರ್ತೀವಿ. ಮೂರು ಟನ್ ಇಳಸು ಅಂದ್ರ ಎಲ್ಲಿ ಇಳಸ್ಲಿ? ಹಮಾಲರನ್ನ ಯಾರು ತರ್ತಾರ? ಕಾಯಿಪಲ್ಯ ಕೊಳತ್ರ ಯಾರ ಹೊಣಿ? ಬೆಳಗಾಗೂದ್ರಾಗ ಮ್ಯಾಲಿನವರ ಫೋನ್ ಬರ್ತೈತಿ, ಗಾಡಿ ಬಿಡು ಅಂತ. ಬಿಟ್ಟರೂ ಬೈಗಳ, ಹಿಡಿದರೂ ಬೈಗಳ.” ಅವರ ಮಾತಿನಲ್ಲಿ ಹುರುಳಿದೆ. ಇಳಿಸಲು ಅಂಗಳವಿಲ್ಲ, ಕಾಯಲು ಆಳಿಲ್ಲ, ತೂಗಲು ಬಹಳ ಕಡೆ ಖಾಸಗಿಯವರ ವೇ ಬ್ರಿಡ್ಜೇ ಗತಿ. ಇಂಥ ಕಡೆ ಕಾನೂನು ಮಡಚಿದ ನೋಟಿನಷ್ಟು ಸಣ್ಣದಾಗುತ್ತದೆ.

ದಂಡ ಹೆಚ್ಚಿಸಿದರೆ ಸರಿಹೋದೀತು ಎಂದುಕೊಂಡವರು 2019ರ ಸೆಪ್ಟೆಂಬರಿನಿಂದ ಕನಿಷ್ಠ ದಂಡವನ್ನು 2,000 ರೂಪಾಯಿಯಿಂದ 20,000ಕ್ಕೆ ಏರಿಸಿದರು. ಹೆಚ್ಚುವರಿ ಒಂದೊಂದು ಟನ್ನಿಗೂ ಮತ್ತೆ 2,000. ಅದಕ್ಕೂ ಮುನ್ನ 2018ರಲ್ಲಿ ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಹೆಚ್ಚಿಸಲಾಗಿತ್ತು. ಭಾರವೂ ಏರಿತು, ದಂಡವೂ ಏರಿತು. ಇಪ್ಪತ್ತು ಸಾವಿರ ಎಂಬುದು ಚಾಲಕನ ತಿಂಗಳ ದುಡಿಮೆಯನ್ನೇ ನುಂಗುವ ಮೊತ್ತ. ರಸೀದಿಯ ಬೆಲೆ ಏರಿದಷ್ಟೂ ರಸೀದಿಯಿಲ್ಲದ ಚೌಕಾಸಿಯ ಬೆಲೆಯೂ ಏರುತ್ತದೆ. ಭಾರ ಹೇರಿಸಿದವನೂ ತಪ್ಪಿತಸ್ಥನೆಂದು ಅದೇ ಕಾಯ್ದೆ ಹೇಳುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ಸಿಗುವವನು ಚಾಲಕನೊಬ್ಬನೇ. ಹೇರಿಸಿದವರು ಮನೆಯಲ್ಲಿ ಮಲಗಿರುತ್ತಾರೆ.

ಹೇರಿಸಿದವರಲ್ಲಿ ನಾವೂ ಇದ್ದೇವೆ. 2006ರಲ್ಲಿ ಅಣ್ಣತಮ್ಮಂದಿರು ಸೇರಿ ಮನೆ ಕಟ್ಟಿಸಿದೆವು. ಉಸುಕಿನ ಲಾರಿ ಬಂದರೆ ಬಾಡಿಯ ಮೇಲೆ ಗುಪ್ಪೆ ಎದ್ದಿದೆಯೇ ಎಂದು ಮೊದಲು ನೋಡುತ್ತಿದ್ದೆವು. ಸಮತಟ್ಟಾಗಿ ತುಂಬಿ ತಂದ ಒಬ್ಬ ಚಾಲಕನೊಡನೆ ಜಗಳ ತೆಗೆದೆವು. ಮಾಮೂ ಅಲ್ಲೇ ನಿಂತಿದ್ದರು, ಏನೂ ಅನ್ನಲಿಲ್ಲ. ಅಗ್ಗದ ಉಸುಕು, ಅಗ್ಗದ ತರಕಾರಿ ಬೇಕೆನ್ನುವ ನಮ್ಮ ಚೌಕಾಸಿಯೇ ಘಟ್ಟದಲ್ಲಿ ಯಾರದೋ ಬ್ರೇಕಿನ ಮೇಲೆ ಭಾರವಾಗಿ ಕೂರುತ್ತದೆ ಎಂಬುದು ಆಗ ಹೊಳೆಯಲಿಲ್ಲ.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನಲ್ಲಿ, ಇದೇ ಹೆದ್ದಾರಿಯಿಂದ, ಕಂದಕಕ್ಕೆ ಉರುಳಿತು. ಹಣ್ಣು ತರಕಾರಿ ಮಾರುವ ಹತ್ತು ಜನ ಸತ್ತರು. ಸಣ್ಣ ವ್ಯಾಪಾರಿಗಳು, ತಮ್ಮ ಮಾಲಿನ ಜೊತೆಗೇ ಹೊರಟವರು. ಸರಕಿನ ಗಾಡಿಯಲ್ಲಿ ಹೀಗೆ ಜನ ಸಾಗಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮೂಟೆಗಳನ್ನು ಬಸ್ಸಿಗೆ ಏರಿಸಲಾಗದು, ಪ್ರತ್ಯೇಕ ಗಾಡಿ ಮಾಡಿಕೊಂಡರೆ ಲಾಭ ಉಳಿಯದು. ಸಂತೆಯ ದಿನ ಮೂಟೆಗಳ ಮೇಲೆ ಜನ ಕೂತು ಹೋಗುವುದು ನಮ್ಮ ಸೀಮೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ನೋಟ. ನಮ್ಮ ಉಸ್ತಾದರು ಹೇಳಿದ ಅರ್ಥದಲ್ಲೇ ಅದು ಮಾಮೂಲ್ ಆಗಿಬಿಟ್ಟಿದೆ. ಒಂದು ಅರ್ಥದ ಮಾಮೂಲು ಇನ್ನೊಂದು ಅರ್ಥದ ಮಾಮೂಲನ್ನು ಸಾಕುತ್ತದೆ.

ಆ ಸಂಜೆ ನಾವು ಮಾಮೂನ ಮನೆಗೆ ಹೋದೆವು. ಅವರಿಗೀಗ ಎಪ್ಪತ್ತು. ಎಂಜಿನ್ನಿನ ಸದ್ದಿಗೆ ಒಂದು ಕಿವಿ ಮಂದವಾಗಿದೆ. ಟಿ.ವಿ.ಯ ಮುಂದೆ ಕೂತು, “ಯಾವ ತಿರುವು?” ಎಂದು ಮಾತ್ರ ಕೇಳಿದರು. ನಾವು ಕಾನೂನಿನ ಮಾತು ತೆಗೆದೆವು. ಲೋಡ್ ಹೇರುವ ಜಾಗದಲ್ಲೇ ತೂಗಬೇಕು, ಮಾಲೀಕನ ಮೇಲೆ ಕೇಸು ಹಾಕಬೇಕು, ಇಳಿಸಲು ಅಂಗಳ ಕಟ್ಟಬೇಕು, ಸಂತೆ ವ್ಯಾಪಾರಿಗಳಿಗೆ ಮೂಟೆ ಒಯ್ಯುವ ಬಸ್ಸು ಬಿಡಬೇಕು ಎಂದೆವು. ಸಾರಿಗೆ ಕಾರ್ಮಿಕರನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1961ರಲ್ಲೇ ಕಾಯ್ದೆ ಆಗಿದೆ ಎಂದೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಮೂವತ್ತೈದು ವರ್ಷ ಗಾಡಿ ಹೊಡೆದೆ ಬೇಟಾ. ಲೈಸೆನ್ಸ್ ಕೇಳಿದರು, ಪರ್ಮಿಟ್ ಕೇಳಿದರು, ಎಂಟ್ರಿ ಕೇಳಿದರು. ಯಾವಾಗ ಮಲಗಿದ್ದಿ ಅಂತ ಒಬ್ಬರೂ ಕೇಳಲಿಲ್ಲ.”

ನಾವೂ ಕೇಳಿರಲಿಲ್ಲ. ಅವರ ಪಕ್ಕದಲ್ಲೇ ಕೂತು, ಅಂಕೋಲೆಯ ತನಕ ನಿದ್ದೆ ಮಾಡಿದವರು ನಾವು.