ಉಲ್ಟಾ ಕಾರಿಗೊಂದು ಕೆಂಪು ಕೀಲಿ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು, ರವೀಂದ್ರ ಕಲಾಕ್ಷೇತ್ರವನ್ನು ದಾಟಿ ಮಿನರ್ವ ವೃತ್ತದ ಕಡೆ ನಡೆಯುತ್ತಾ ಹೋಗಿ. ಕಾರು ಎಂಬ ವಸ್ತು ನಿಮಗೆ ಬಿಡಿಬಿಡಿಯಾಗಿ ಎದುರಾಗುತ್ತದೆ. ಒಂದು ಅಂಗಡಿಯಲ್ಲಿ ಬರೀ ಬಂಪರುಗಳು. ಪಕ್ಕದಲ್ಲಿ ಬರೀ ಕನ್ನಡಿಗಳು, ಪ್ರತಿಯೊಂದರಲ್ಲೂ ನಿಮ್ಮದೇ ಮುಖ. ಮುಂದೆ ಸಂತೆಯಲ್ಲಿ ಪಡವಲಕಾಯಿ ತೂಗು ಹಾಕಿದಂತೆ ಬಾಗಿಲಿನ ರಬ್ಬರು ಬೀಡಿಂಗುಗಳು. ಇದೇ ಜೆ.ಸಿ. ರಸ್ತೆ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ರಸ್ತೆಯಾದರೂ ವಾಹನ ಇಟ್ಟುಕೊಂಡವರಿಗೆ ಅದು ಎರಡೇ ಅಕ್ಷರ. ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಕಲಾಕ್ಷೇತ್ರಕ್ಕೆ ನಾಟಕ ನೋಡಲು ಬರುವವರೂ, ಹಾಳಾದ ಹಾರ್ನ್ ಹಿಡಿದು ಬರುವವರೂ ನಡೆಯುವುದು ಇದೇ ಕಾಲುದಾರಿಯ ಮೇಲೆ.

ನಾನು ಮತ್ತು ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಮಗಳು ಒಂದು ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದದ್ದು ಒಂದು ಸಣ್ಣ ಸ್ವಿಚ್ಚಿಗಾಗಿ. ಅಂಗೈಯಲ್ಲಿ ಹಿಡಿಸುವ ವಸ್ತು. ಆದರೆ ನಮ್ಮ ಮನೆಯಲ್ಲಿ ಆಗ ನಡೆಯುತ್ತಿದ್ದ ಒಂದು ದೊಡ್ಡ ಜಗಳದ ತೀರ್ಮಾನ ಅದರ ಮೇಲೇ ನಿಂತಿತ್ತು.

ಹೊಗೆ ಬಂದ ಸಂಜೆ

ಜಗಳ ನಮ್ಮಪ್ಪನ ಮಾರಿಸ್ ಮೈನರ್ ಕಾರಿನದು. 1957ರ ಮಾಡೆಲ್. ಅಪ್ಪ ಮೇಷ್ಟರಾಗಿದ್ದಾಗ ಹಾಸನದ ಕಡೆಯ ಕಾಫಿ ತೋಟದವರೊಬ್ಬರಿಂದ ಕಂತಿನ ಮೇಲೆ ಕೊಂಡದ್ದು. ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ರೂಪಿಸಿದ ಈ ಕಾರು 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಎಂಬ ಹೆಸರು ಇದರದು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಇದನ್ನೇ ಜೋಡಿಸಿ 'ಬೇಬಿ ಹಿಂದೂಸ್ತಾನ್' ಎಂದು ಮಾರಿದ್ದೂ ಉಂಟು. ತಿರುಗುವಾಗ ಬಾಗಿಲ ಹಿಂದಿನ ಕಂಬದಿಂದ ಕಿತ್ತಳೆ ಬಣ್ಣದ ಪುಟ್ಟ ಕೈಯೊಂದು ಹೊರಗೆ ಚಾಚಿಕೊಳ್ಳುತ್ತದೆ. ಆ ಕೈ ನೋಡಲೆಂದೇ ನಾವು ಚಿಕ್ಕಂದಿನಲ್ಲಿ ಅಪ್ಪನಿಗೆ "ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು" ಎಂದು ಪೀಡಿಸುತ್ತಿದ್ದೆವು.

ಕಳೆದ ಮಳೆಗಾಲದ ಒಂದು ಸಂಜೆ ಶೆಡ್ಡಿನಿಂದ ರಬ್ಬರು ಸುಟ್ಟ ವಾಸನೆ ಬಂತು. ಓಡಿಹೋಗಿ ನೋಡಿದರೆ ಕಾರಿನ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಅಗರಬತ್ತಿಯ ಹಾಗೆ ಹೊಗೆ. ಕೀ ಕಾರಿನಲ್ಲಿರಲಿಲ್ಲ, ಒಳಗೆ ಗೋಡೆಯ ಮೊಳೆಯಲ್ಲಿತ್ತು. ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಬಿಚ್ಚೋಣವೆಂದರೆ ಸ್ಪ್ಯಾನರ್ ಸಿಗಲಿಲ್ಲ. ಸಿಕ್ಕಿದಾಗ ತುಕ್ಕು ಹಿಡಿದ ಬೋಲ್ಟು ತಿರುಗಲಿಲ್ಲ. ಎಂಬತ್ಮೂರು ವರ್ಷದ ಅಪ್ಪ ಕಟಿಂಗ್ ಪ್ಲೈಯರ್ ಹಿಡಿದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿ, ಕ್ಲಾಂಪನ್ನು ತಿರುಚಿ ಎಳೆದರು. ಹೊಗೆ ನಿಂತಿತು. ಎಲ್ಲ ಸೇರಿ ಎರಡು ಮೂರು ನಿಮಿಷವಿರಬಹುದು. ಅಪ್ಪನ ಹೆಬ್ಬೆರಳು ಬೊಬ್ಬೆ ಬಂದಿತ್ತು. ಶೆಡ್ಡಿನ ಗೋಡೆಯ ಆಚೆಗೇ ನಮ್ಮ ಅಡುಗೆಮನೆ, ಗ್ಯಾಸ್ ಸಿಲಿಂಡರ್.

ಆ ರಾತ್ರಿ ಅಮ್ಮ ಹೆಚ್ಚು ಮಾತಾಡಲಿಲ್ಲ. "ಮನೆ ಸುಡೋ ಕಾರು ನಂಗೆ ಬೇಡ. ಕೇಳ್ತಿರೋರಿಗೆ ಕೊಟ್ಟುಬಿಡಿ" ಎಂದರು ಅಷ್ಟೆ. ಅಪ್ಪ ಉತ್ತರ ಕೊಡಲಿಲ್ಲ. ಮಾರನೆಯ ದಿನದಿಂದ ಅವರು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟರು. ನನಗೆ ಹೆದರಿಕೆಯಾದದ್ದು ಹೊಗೆ ಕಂಡಾಗಲ್ಲ, ಆಗ.

ಕೀ ತೆಗೆದರೂ ಕರೆಂಟ್

"ಕೀ ತೆಗೆದಿದ್ದರೂ ಬೆಂಕಿ ಹೇಗೆ ಹತ್ತಿತು?" ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಾವೆಲ್ಲ ಕೀ ತಿರುಗಿಸಿದರೆ ಕಾರು ಪೂರ್ತಿ ಆಫ್ ಆಯಿತೆಂದು ತಿಳಿದಿರುತ್ತೇವೆ. ಹಾಗಲ್ಲ. ಹೆಡ್‌ಲೈಟು, ಹಾರ್ನು ಮುಂತಾದವು ಕೀ ಇಲ್ಲದೆಯೂ ಕೆಲಸ ಮಾಡಬೇಕಲ್ಲ? ಅದಕ್ಕಾಗಿ ಬ್ಯಾಟರಿಯಿಂದ ಹೊರಟ ಕಂದು ಬಣ್ಣದ ಒಂದು ವೈರು ಹಗಲೂ ರಾತ್ರಿ ಎಚ್ಚರವಾಗಿಯೇ ಇರುತ್ತದೆ. ಹೊಸ ಕಾರುಗಳಲ್ಲಿ ಒಂದೊಂದು ದಾರಿಗೂ ಒಂದೊಂದು ಫ್ಯೂಸ್ ಇರುತ್ತದೆ. ಮಾರಿಸ್ ಮೈನರಿನಲ್ಲಿ ಇರುವುದು ಎರಡೇ ಫ್ಯೂಸು. ಹೆಡ್‌ಲೈಟಿನ ದಾರಿಗೆ ಅದೂ ಇಲ್ಲ. ಆ ಕಾಲದ ವೈರಿಗೆ ರಬ್ಬರಿನ ಹೊದಿಕೆ, ಮೇಲೆ ನೂಲಿನ ಹೆಣಿಗೆ. ಅರುವತ್ತು ವರ್ಷದಲ್ಲಿ ರಬ್ಬರು ಹಪ್ಪಳದಂತೆ ಪುಡಿಯಾಗಿ, ಬರಿ ತಾಮ್ರ ಕಾರಿನ ಮೈಗೆ ತಾಗಿತ್ತು.

ಬರೀ 12 ವೋಲ್ಟ್ ತಾನೆ, ಏನು ಮಹಾ ಎನ್ನಬೇಡಿ. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಓಮ್‌ನ ನಿಯಮ ನೆನಪಿಸಿಕೊಳ್ಳಿ. ದಾರಿಯಲ್ಲಿನ ಒಟ್ಟು ರೋಧ ಓಮ್‌ನ ನೂರರಲ್ಲೊಂದು ಭಾಗ ಎಂದಿಟ್ಟುಕೊಂಡರೆ, 12ನ್ನು 0.01ರಿಂದ ಭಾಗಿಸಿದಾಗ 1200 ಆಂಪಿಯರ್! ನಮ್ಮ ಸ್ನಾನದ ಮನೆಯ ಎರಡು ಸಾವಿರ ವ್ಯಾಟಿನ ಗೀಸರ್ ಎಳೆಯುವುದು ಒಂಬತ್ತು ಆಂಪಿಯರಿನ ಆಸುಪಾಸು. ತೆಳುವಾದ ವೈರಿಗೆ ತನ್ನದೇ ರೋಧ ಇರುವುದರಿಂದ ಸಾವಿರದಷ್ಟು ಹರಿಯದೆ ಇರಬಹುದು. ನೂರು ಹರಿದರೂ ಸಾಕು, ವೈರು ಹೀಟರಿನ ಕಾಯಿಲ್ ಆಗಿಬಿಡುತ್ತದೆ. ಮಾರಿಸ್‌ನಲ್ಲಿ ಬ್ಯಾಟರಿ ಇರುವುದು ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ. ಪೆಟ್ರೋಲ್ ಎತ್ತುವ ವಿದ್ಯುತ್ ಪಂಪೂ ಅದರ ನೆರೆಮನೆ.

ಮೊದಲು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರಿಂದ ಸುಟ್ಟ ವೈರುಗಳನ್ನೆಲ್ಲ ಬದಲಾಯಿಸಿದೆವು. ಸ್ವಿಚ್ಚು ರೋಗಕ್ಕೆ ಔಷಧಿಯಲ್ಲ ನೋಡಿ, ರಾತ್ರಿ ಕಾವಲುಗಾರ ಮಾತ್ರ. ಆ ಕಾವಲುಗಾರನನ್ನು ಹುಡುಕಿಕೊಂಡೇ ನಾವು ಜೆ.ಸಿ. ರಸ್ತೆಗೆ ಹೊರಟದ್ದು.

"ಯಾವ ಗಾಡಿ, ಎಷ್ಟನೇ ಮಾಡೆಲ್?"

ಜೆ.ಸಿ. ರಸ್ತೆಯಲ್ಲಿ ನಿಮ್ಮ ಹೆಸರು, ಊರು ಯಾರೂ ಕೇಳುವುದಿಲ್ಲ. "ಯಾವ ಗಾಡಿ, ಎಷ್ಟನೇ ಮಾಡೆಲ್?" ಎನ್ನುತ್ತಾರೆ, ಅದೇ ಅಲ್ಲಿಯ ಕುಶಲೋಪರಿ. ಕನ್ನಡದಲ್ಲಿ ಶುರುವಾದ ಚೌಕಾಸಿ ಉರ್ದುವಿನಲ್ಲಿ ಬಿಸಿಯೇರಿ, ತಮಿಳಿನಲ್ಲಿ ತಣ್ಣಗಾಗುತ್ತದೆ. ಮೊದಲ ಎರಡು ಅಂಗಡಿಗಳಲ್ಲಿ ನಮ್ಮ ಬೇಡಿಕೆ ಕೇಳಿ "ಲಾರಿಗಾ?" ಎಂದರು. ಮೂರನೆಯವರು ಬ್ಯಾಟರಿಯ ತಲೆಗೇ ಕೂರಿಸುವ ಹಿತ್ತಾಳೆಯ ಸ್ವಿಚ್ಚೊಂದನ್ನು ತೆಗೆದು ಮುಂದಿಟ್ಟರು. ಹಸಿರು ಗುಂಡಿಯನ್ನು ತಿರುಗಿಸಿ ಸಡಿಲಿಸಿದರೆ ಸಂಪರ್ಕ ಕಡಿಯುತ್ತದೆ. ಅಗ್ಗ, ಸುಲಭ, ಐದು ನಿಮಿಷದ ಕೆಲಸ. ನಾನು ಜೇಬಿಗೆ ಕೈ ಹಾಕಿದೆ.

ಅಷ್ಟರಲ್ಲಿ ಗಲ್ಲಾದ ಹಿಂದೆ ಪೇಪರು ಓದುತ್ತಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿ, "ಮಾರಿಸ್ ಅಂದ್ರಲ್ಲ ಸಾರ್? ಅದು ಉಲ್ಟಾ ಗಾಡಿ" ಎಂದರು.

ಉಲ್ಟಾ ಎಂದರೇನು? ಇಂದಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಾರೆ. ಅದೇ ಅರ್ಥ್. ದೀಪಕ್ಕೆ ಒಂದೇ ವೈರು ಎಳೆದರೆ ಸಾಕು, ವಾಪಸು ದಾರಿ ಕಾರಿನ ಮೈಯೇ. ಅಂದಿನ ಬಹುತೇಕ ಬ್ರಿಟಿಷ್ ಕಾರುಗಳಲ್ಲಿ ಮಾತ್ರ ಮೈಗೆ ಜೋಡಿಸಿದ್ದು ಪಾಸಿಟಿವ್ ತುದಿ. 1960ರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಕಾರಿನೊಳಗೆ ಕಾಲಿಟ್ಟ ಮೇಲೆ ಎಲ್ಲರೂ ನೆಗೆಟಿವ್‌ಗೆ ಬಂದರು.

ಆ ಹಿರಿಯರು ಹೊಸ ಬ್ಯಾಟರಿಯೊಂದನ್ನು ತೋರಿಸಿ ಮಗಳಿಗೆ ಹೇಳಿದರು: "ಮುಟ್ಟಿ ನೋಡಮ್ಮ. ಪಾಸಿಟಿವ್ ಕಂಬ ದಪ್ಪ, ನೆಗೆಟಿವ್ ಸಣ್ಣ. ತಪ್ಪಿ ಜೋಡಿಸಬಾರದು ಅಂತ ಹಾಗೆ ಮಾಡಿರ್ತಾರೆ. ಈ ಸ್ವಿಚ್ ಸಣ್ಣ ಕಂಬಕ್ಕೆ ಮಾಡಿದ್ದು. ನಿಮ್ಮ ಗಾಡಿಯಲ್ಲಿ ಕಡಿಯಬೇಕಾದ್ದು ದಪ್ಪ ಕಂಬದ ಕಡೆ." ಆಮೇಲೆ ಒಳಗಿನಿಂದ ಇನ್ನೊಂದು ಬಗೆಯದನ್ನು ತರಿಸಿದರು. ಕಪ್ಪು ಪ್ಲಾಸ್ಟಿಕ್ ಮೈ, ಹಿಂದೆ ಎರಡು ದಪ್ಪ ಬೋಲ್ಟು, ಮುಂದೆ ತಿರುಗಿಸಿ ಹೊರತೆಗೆಯಬಹುದಾದ ಕೆಂಪು ಕೀಲಿ. ಸತತವಾಗಿ 100 ಆಂಪಿಯರ್, ಐದು ಸೆಕೆಂಡಿನ ಮಟ್ಟಿಗೆ 500 ಆಂಪಿಯರ್ ತಾಳುತ್ತದೆಂದು ಅದರ ಮೇಲೆ ಬರೆದಿತ್ತು. ಸ್ಟಾರ್ಟರ್ ಮೋಟಾರು ಎಳೆಯುವ ಆ ಒಂದು ಕ್ಷಣಕ್ಕಾಗಿಯೇ ಎರಡನೆಯ ಅಂಕಿ.

ಗಲ್ಲಾದ ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ಮೈಕೋ ಸ್ಪಾರ್ಕ್ ಪ್ಲಗ್ ಪೆಟ್ಟಿಗೆಗಳಿದ್ದವು. 1953ರಲ್ಲಿ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ, ಈ ರಸ್ತೆಯಲ್ಲಿ ಅದಿನ್ನೂ ಮೈಕೋನೇ. "ತಾತನಿಗೆ ಕೊಡಿ" ಎಂದು ಒಂದು ಪ್ಲಗ್ಗನ್ನು ಆ ಹಿರಿಯರು ಮಗಳ ಕೈಗಿಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಒಂದೇ ಒಂದು ತೂತೂ ಬೇಡ

ಮನೆಗೆ ಬಂದಾಗ ಇನ್ನೊಂದು ತಕರಾರು ಕಾದಿತ್ತು. ಸ್ವಿಚ್ಚನ್ನು ಕೂರಿಸಲು ತಗಡಿನ ಗೋಡೆಗೆ ತೂತು ಕೊರೆಯಬೇಕಲ್ಲ? ಅಪ್ಪ ಒಪ್ಪಲಿಲ್ಲ. "ನಾನು ತಗೊಂಡಾಗಿಂದ ಅದಕ್ಕೊಂದು ತೂತು ಬಿದ್ದಿಲ್ಲ. ಮಾರೋದೇ ಆದ್ರೆ ಹಂಗೇ ಮಾರಿ" ಎಂದರು. ದಿನಗಳ ಮೇಲೆ ಅವರು ಕಾರಿನ ಬಗ್ಗೆ ಆಡಿದ ಮೊದಲ ಮಾತು ಅದು.

ದಾರಿ ಕಂಡುಹಿಡಿದವಳು ಮಗಳು. ಬ್ಯಾಟರಿಯನ್ನು ಅಲುಗಾಡದಂತೆ ಹಿಡಿಯುವ ಪಟ್ಟಿಗೆ ಮೊದಲೇ ಒಂದು ಬೋಲ್ಟು ಇದೆಯಷ್ಟೆ? ಅದಕ್ಕೇ ಸಿಕ್ಕಿಸುವಂತೆ 'ಎಲ್' ಆಕಾರದ ಉಕ್ಕಿನ ಪಟ್ಟಿಯೊಂದನ್ನು ರಟ್ಟಿನಲ್ಲಿ ಕತ್ತರಿಸಿ ತೋರಿಸಿದಳು. ಅಪ್ಪ ಆ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ಪೆನ್ಸಿಲ್ ಕೇಳಿದರು. ನಾನು ಅಲ್ಲಿಂದ ಮೆಲ್ಲನೆ ಜಾಗ ಖಾಲಿ ಮಾಡಿದೆ.

ಭಾನುವಾರ ಕೆಲಸ ನಡೆಯಿತು. ಮೊದಲು ಮಗಳ ಕೈಯ ಲೋಹದ ಬಳೆ, ನನ್ನ ಉಂಗುರ, ಗಡಿಯಾರ ಎಲ್ಲ ಹೊರಗೆ. ನಂತರ ಅರ್ಥ್ ಆಗಿರುವ ತುದಿಯನ್ನು, ಅಂದರೆ ಈ ಕಾರಿನಲ್ಲಿ ಪಾಸಿಟಿವನ್ನು, ಮೊದಲು ಬಿಚ್ಚಿದೆವು. ಯಾಕೆ ಅದೇ ಮೊದಲು? ಅರ್ಥ್ ತುದಿ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಏನೂ ಆಗುವುದಿಲ್ಲ, ಎರಡೂ ಮೊದಲೇ ಜೋಡಿಯಾಗಿವೆ. ಇನ್ನೊಂದು ತುದಿಯನ್ನು ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಅನಿಲ ಬಿಡುತ್ತದೆಂಬುದು ನೆನಪಿರಲಿ. ಕಿಡಿಯೂ ಹೈಡ್ರೋಜನ್ನೂ ಒಂದೇ ಕಡೆ ಸೇರಬಾರದು.

ಬ್ಯಾಟರಿಯ ಪಾಸಿಟಿವ್‌ನಿಂದ ಸ್ವಿಚ್ಚಿನ ಒಂದು ಬೋಲ್ಟಿಗೆ ದಪ್ಪ ಕೇಬಲ್. ಇನ್ನೊಂದು ಬೋಲ್ಟಿನಿಂದ ಕಾರಿನ ಮೈಗೆ ಹಳೆಯ ಪಟ್ಟಿ. ಬಣ್ಣ, ತುಕ್ಕು ಉಜ್ಜಿ ಹೊಳೆಯುವ ಲೋಹ ಕಂಡ ಮೇಲೆಯೇ ಬಿಗಿದದ್ದು. ಮೇಲೆ ಸ್ವಲ್ಪ ವ್ಯಾಸಲೀನ್.

ಕೆಂಪು ಕೀಲಿ ಆಫ್ ಮಾಡಿ ಪರೀಕ್ಷೆಗೆ ನಿಂತೆವು. ಇಗ್ನಿಷನ್ ಹಾಕಿದರೆ ಪೆಟ್ರೋಲ್ ಪಂಪು ಟಿಕ್ ಟಿಕ್ ಎನ್ನಬಾರದು. ಎಂದಿತು! ಮಗಳ ಮುಖ ಸಪ್ಪಗಾಯಿತು. ಅಪ್ಪ ಬಗ್ಗಿ ನೋಡಿ ನಕ್ಕರು. ಬ್ಯಾಟರಿಯ ಕಡೆಯ ಬೋಲ್ಟಿನ ತುದಿ ಉಕ್ಕಿನ ಪಟ್ಟಿಗೆ ಕೂದಲೆಳೆಯಷ್ಟು ತಾಗುತ್ತಿತ್ತು. ಪಟ್ಟಿ ಎಂದರೆ ಕಾರಿನ ಮೈ, ಮೈ ಎಂದರೆ ಅರ್ಥ್. ಕರೆಂಟು ಸ್ವಿಚ್ಚನ್ನು ಬಳಸಿಕೊಂಡು ಪಕ್ಕದ ಸಂದಿಯಲ್ಲಿ ದಾಟಿಹೋಗುತ್ತಿತ್ತು. ಇಂಥ ಸ್ವಿಚ್ಚು ಇಲ್ಲದಿರುವುದಕ್ಕಿಂತ ಅಪಾಯ, ಏಕೆಂದರೆ ಆಫ್ ಮಾಡಿದ್ದೇವೆಂದು ನಂಬಿ ಮಲಗುತ್ತೇವೆ. ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ನಡುವೆ ಇಟ್ಟೆವು. ಮತ್ತೆ ಇಗ್ನಿಷನ್. ಈ ಸಲ ಪಂಪು ಮೌನ.

ಇನ್ನೊಂದು ಪರೀಕ್ಷೆ ಮಗಳದೇ. ಕೀಲಿ ಆನ್ ಮಾಡಿ, ಸ್ಟಾರ್ಟರ್ ಎಳೆಯುವಾಗ ಸ್ವಿಚ್ಚಿನ ಎರಡು ಬೋಲ್ಟುಗಳ ನಡುವೆ ಮಲ್ಟಿಮೀಟರ್ ಹಿಡಿದಳು. 0.1 ವೋಲ್ಟಿಗಿಂತ ಕಡಿಮೆ. ಜೋಡಣೆ ಸಡಿಲವಾಗಿ ಅದು 1 ವೋಲ್ಟ್ ಆಗಿದ್ದರೆ? 150 ಆಂಪಿಯರ್ ಹರಿಯುವಾಗ 150 ವ್ಯಾಟ್ ಶಾಖ ಆ ಪುಟ್ಟ ಡಬ್ಬಿಯಲ್ಲೇ! ಕಾಪಾಡಲು ತಂದದ್ದೇ ಸುಡುತ್ತಿತ್ತು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವ ಸೂತ್ರ ಶೆಡ್ಡಿನಲ್ಲಿ ಒಂದು ಮನೆಯ ಪ್ರಶ್ನೆಯಾಗಿತ್ತು.

"ಓಡುವಾಗ ಇದನ್ನು ತಿರುಗಿಸಿದರೆ ಎಂಜಿನ್ ನಿಲ್ಲುತ್ತಾ ತಾತ?" ಎಂದು ಅವಳು ಕೇಳಿದ್ದಕ್ಕೆ ಅಪ್ಪ ಪಾಠಕ್ಕೇ ಕುಳಿತರು. ನಿಲ್ಲಬೇಕಾಗಿಲ್ಲ. ಎಂಜಿನ್ ಓಡುತ್ತಿರುವಾಗ ಡೈನಮೋ ತಾನೇ ಕರೆಂಟ್ ಕೊಡುತ್ತಿರುತ್ತದೆ. ರೇಸ್ ಕಾರುಗಳಲ್ಲಿ ಎಂಜಿನ್ನನ್ನೂ ನಿಲ್ಲಿಸುವ ಬೇರೆಯೇ ಬಗೆಯ ಸ್ವಿಚ್ಚು ಇರಬೇಕೆಂಬ ನಿಯಮವಿದೆ. ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು ಅದರದು. ನಮ್ಮದು ನಿಂತ ಕಾರಿಗೆ ಮಾತ್ರ. ಇದನ್ನೋದಿ ಯಾರೂ ಮನೆಯ ಹೊಸ ಕಾರಿನ ಮೇಲೆ ಪ್ರಯೋಗ ಮಾಡಬೇಡಿ. ಆಲ್ಟರ್ನೇಟರ್ ಇರುವ ಕಾರು ಓಡುವಾಗ ಬ್ಯಾಟರಿ ಕಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡುಗಳು, ಕಂಪ್ಯೂಟರು ಸುಡಬಹುದು.

ಮೊಳೆಯಲ್ಲಿ ಎರಡು ಕೀಲಿ

ಮುಂದಿನ ಭಾನುವಾರ ಬೆಳಗಿನ ಜಾವ ನಾವು ನಾಲ್ವರೂ ಮಾರಿಸ್‌ನಲ್ಲಿ ಹೊರಟೆವು. ಅಮ್ಮ ಹಿಂದಿನ ಸೀಟಿನಲ್ಲಿ ನೀರಿನ ದೊಡ್ಡ ಬಾಟಲಿ ಹಿಡಿದು ಕುಳಿತಿದ್ದರು. ಕುಡಿಯಲೋ ಬೆಂಕಿ ಆರಿಸಲೋ ಎಂದು ಯಾರೂ ಕೇಳಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳೆಲ್ಲ ಬಾಗಿಲು ಎಳೆದು ಮಲಗಿದ್ದವು. ಪ್ಲಗ್ ಕೊಟ್ಟವರ ಅಂಗಡಿಯ ಮುಂದೆ ಅಪ್ಪ ವೇಗ ತಗ್ಗಿಸಿ, ಒಮ್ಮೆ ಹಾರ್ನ್ ಮಾಡಿದರು. ತಿರುವಿನಲ್ಲಿ ಆ ಕಿತ್ತಳೆ ಕೈ ಹೊರಗೆ ಚಾಚಿತು. ಪಕ್ಕದ ಆಟೋದವರು ಬಗ್ಗಿ ನೋಡಿ ನಕ್ಕರು.

ಮನೆಗೆ ಬಂದು ಅಪ್ಪ ಕೆಂಪು ಕೀಲಿಯನ್ನು ತಿರುಗಿಸಿ ತೆಗೆದರು. ಅದನ್ನು ಅಮ್ಮನ ಕೈಗೆ ಕೊಟ್ಟು, "ಇದು ನಿನ್ನ ಹತ್ರ ಇರಲಿ" ಎಂದರು. ಅಮ್ಮ ಅದನ್ನು ತಿರುಗಿಸಿ ನೋಡಿ, ಕಾರಿನ ಕೀ ತೂಗುವ ಮೊಳೆಗೇ ಪಕ್ಕದಲ್ಲಿ ಸಿಕ್ಕಿಸಿದರು. ಈಗ ಪ್ರತಿ ರಾತ್ರಿ ಗ್ಯಾಸ್ ಆರಿಸಿ, ಹಿತ್ತಿಲ ಬಾಗಿಲು ಹಾಕಿ, ಮಲಗುವ ಮುನ್ನ ಅಮ್ಮ ಮೊಳೆಯನ್ನೊಮ್ಮೆ ಮುಟ್ಟಿ ನೋಡುತ್ತಾರೆ. ಎರಡೂ ಇದ್ದರೆ ದೀಪ ಆರಿಸುತ್ತಾರೆ. ಕಾರು ಮಾರುವ ಮಾತು ಆಮೇಲೆ ಬಂದಿಲ್ಲ.